ಗುಂಡು ಗುರಿಗೆ ಬೀಳುತ್ತಿಲ್ಲವೇ? ಬಂದೂಕಿಗೆ ಬೈಯುವ ಮೊದಲು ನೋಡಬೇಕಾದ್ದು

ಮುಧೋಳ ಕಡೆಯ ಕಬ್ಬು ಬೆಳೆಗಾರರೊಬ್ಬರು ತಮ್ಮ .32 ರಿವಾಲ್ವರ್ ತೆಗೆದುಕೊಂಡು ಬೆಳಗಾವಿಗೆ ಬಂದಿದ್ದರು. ಲೈಸೆನ್ಸ್ ಸಿಕ್ಕು ಎರಡು ವರ್ಷ ಆಗಿತ್ತು. ರೇಂಜ್‌ಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಬಂದದ್ದು ಮೂರನೇ ಸಲ. ಕೂತ ಕೂಡಲೇ ಶುರು ಮಾಡಿದರು, "ಗನ್ನ ಸರಿ ಇಲ್ರಿ. ಎಷ್ಟ ಸಾವಕಾಶ ಹೊಡದ್ರೂ ಎಡಕ್ಕ, ಕೆಳಗ ಬೀಳತಾವ. ಬ್ಯಾರೆ ತಗೋಬೇಕಂತ ಮಾಡೇನಿ."

ಅದೇ ರಿವಾಲ್ವರ್, ಅದೇ ಡಬ್ಬಿಯ ಐದು ತೋಟಾ. ಮರಳಿನ ಚೀಲದ ಮೇಲೆ ಕೈ ಇಟ್ಟು ನಾನು ಹೊಡೆದೆ. ಐದೂ ಕಾಗದದ ನಡುವೆ, ಅಂಗೈಯಷ್ಟು ಜಾಗದಲ್ಲಿ ಬಿದ್ದವು. ಅವರು ಕಾಗದ ನೋಡಿದರು, ರಿವಾಲ್ವರ್ ನೋಡಿದರು, ಕೊನೆಗೆ ತಮ್ಮ ಕೈ ನೋಡಿಕೊಂಡರು.

ನಾನು ಸೇನೆಯಲ್ಲಿ ಹವಾಲ್ದಾರನಾಗಿದ್ದು ನಿವೃತ್ತಿಯಾದವನು. ಬೆಳಗಾವಿಯಲ್ಲಿ ಇದೇನು ದೊಡ್ಡ ವಿಷಯ ಅಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇರುವ ಊರು ಇದು, ಓಣಿಗೆ ನಾಲ್ಕು ಮಂದಿ ನನ್ನಂಥವರು ಸಿಗುತ್ತಾರೆ. ಪರಿಚಯದವರು ಅಭ್ಯಾಸಕ್ಕೆ ಬಂದಾಗ ಪಕ್ಕದಲ್ಲಿ ನಿಂತು ತಪ್ಪು ಹುಡುಕಿ ಕೊಡುತ್ತೇನೆ. ಬ್ಯಾಂಕಿನ ಗಾರ್ಡ್‌ಗಳು ಎರಡು ನಳಿಕೆಯ ಡಬಲ್ ಬ್ಯಾರಲ್ ಬಂದೂಕು ತರುತ್ತಾರೆ. ತೋಟದ ಮನೆಯಲ್ಲಿ ಇರುವವರು ರಿವಾಲ್ವರ್ ತರುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು 10 ಮೀಟರ್ ಏರ್ ಪಿಸ್ತೂಲು ಕಲಿಯಲು ಬರುತ್ತಾರೆ. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲಂತೂ ಈ ಮಕ್ಕಳ ಸಂಖ್ಯೆ ಜಾಸ್ತಿಯಾಗಿದೆ. ಆಯುಧ ಬೇರೆ ಬೇರೆ, ದೂರು ಮಾತ್ರ ಅವೇ ನಾಲ್ಕೈದು. ಅದಕ್ಕೇ ಬರೆದಿಡುತ್ತಿದ್ದೇನೆ.

ದುಡ್ಡು ಬೇಡದ ಪರೀಕ್ಷೆಗಳು ಮೊದಲು ಬರುತ್ತವೆ. ಬಂದೂಕು ರಿಪೇರಿಯ ಗನ್‌ಸ್ಮಿತ್ ಕೊನೆಗೆ. ನಾನು ಹೇಳುವ ದಿಕ್ಕೆಲ್ಲ ಬಲಗೈಯವರಿಗೆ. ನೀವು ಎಡಗೈಯವರಾದರೆ ಎಡ ಬಲ ಅದಲುಬದಲು ಮಾಡಿಕೊಂಡು ಓದಿ.

ಯಾವ ಪರೀಕ್ಷೆಗೂ ಮೊದಲು

ಎಲ್ಲ ಬಂದೂಕಿನಲ್ಲೂ ತೋಟಾ ಇದೆ ಅಂತಲೇ ನಡೆದುಕೊಳ್ಳಿ. ಹೊಡೆಯಲು ಸಿದ್ಧವಿಲ್ಲದ ಯಾವುದರ ಕಡೆಗೂ ನಳಿಕೆ ತಿರುಗಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಅಮೆರಿಕದ ತರಬೇತುದಾರ ಜೆಫ್ ಕೂಪರ್ ಜೋಡಿಸಿಕೊಟ್ಟ ನಾಲ್ಕು ನಿಯಮ ಇವು. ಇವತ್ತು ಜಗತ್ತಿನ ಅನೇಕ ರೇಂಜ್‌ಗಳಲ್ಲಿ ಇವನ್ನೇ ಹೇಳಿಕೊಡುತ್ತಾರೆ.

ನಾಲ್ಕನೆಯದನ್ನು ನಮ್ಮ ಕಡೆ ಹಗುರವಾಗಿ ತೆಗೆದುಕೊಳ್ಳುತ್ತಾರೆ. "ನಮ್ಮ ಹೊಲಾನೇ ಅಲ್ವಾ, ಬದುವಿಗೆ ಒಂದು ಡಬ್ಬಿ ಇಟ್ಟು ಹೊಡೆದರೆ ಏನಾಯ್ತು?" ಅಂತ ಕೇಳುತ್ತಾರೆ. ಪುಟ್ಟ .22 ಗುಂಡು ಕೂಡ ಒಂದು ಕಿಲೋಮೀಟರ್‌ಗಿಂತ ದೂರ ಹೋಗುತ್ತದೆ. ಇಂಡಿ, ಸಿಂದಗಿ ಕಡೆಯ ಬಯಲು ಹೊಲ ನೆನಪಿಸಿಕೊಳ್ಳಿ. ಅಷ್ಟು ದೂರದಲ್ಲಿ ಯಾರು ಕಳೆ ತೆಗೆಯುತ್ತಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ. ಅಭ್ಯಾಸ ಏನಿದ್ದರೂ ಅನುಮತಿ ಇರುವ ರೇಂಜ್‌ನಲ್ಲಿ, ಹಿಂದೆ ಮಣ್ಣಿನ ದಿಬ್ಬ ಇದ್ದಾಗ ಮಾತ್ರ. ಮದುವೆ, ಜಾತ್ರೆಯಲ್ಲಿ ಗಾಳಿಗೆ ಹೊಡೆಯುವುದಂತೂ ಆಯುಧ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದಾದ ಅಪರಾಧ.

ಮೊದಲ ಪರೀಕ್ಷೆ: ಐದು ಗುಂಡಿನ ಕಾಗದ

ನನ್ನ ಹತ್ತಿರ ಬರುವವರಿಗೆ ಒಂದೇ ಮಾತು ಹೇಳುತ್ತೇನೆ. ಬಾಯಲ್ಲಿ ಹೇಳಬೇಡಿ, ಕಾಗದ ತನ್ನಿ.

ಏಳು ಮೀಟರ್ ದೂರದಲ್ಲಿ ಬಿಳಿ ಕಾಗದ ಅಂಟಿಸಿ. ನಡುವೆ ಚಹಾ ಬಸಿಯಷ್ಟು ಕಪ್ಪು ಚುಕ್ಕೆ ಇರಲಿ. ಐದು ಗುಂಡು ಹೊಡೆಯಿರಿ. ನಡುನಡುವೆ ಇಣುಕಿ ನೋಡಬೇಡಿ, ಮೊದಲನೆಯದು ಎಲ್ಲಿ ಬಿತ್ತು ಅಂತ ನೋಡಿದರೆ ಎರಡನೆಯದನ್ನು ತಿದ್ದಲು ಹೋಗುತ್ತೀರಿ, ಕಾಗದ ಸುಳ್ಳು ಹೇಳಲು ಶುರುಮಾಡುತ್ತದೆ. ಎನ್‌ಸಿಸಿಯಲ್ಲಿ ಇದ್ದವರಿಗೆ ಗೊತ್ತಿರುತ್ತದೆ, ಇದಕ್ಕೆ ಗ್ರೂಪಿಂಗ್ ಅಂತಾರೆ.

ಆಮೇಲೆ ಇನ್ನೊಂದು ಕಾಗದ. ಈ ಸಲ ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ಕೈ ಊರಿ ಅದೇ ಐದು. ಸಾಧ್ಯವಾದರೆ ಮೂರನೆಯದನ್ನು ಅನುಭವ ಇರುವ ಬೇರೆಯವರಿಂದ, ರೇಂಜ್ ಅಧಿಕಾರಿಯ ಎದುರಿಗೇ ಹೊಡೆಸಿ.

ಮೂರೂ ಪಕ್ಕದಲ್ಲಿಟ್ಟು ನೋಡಿ. ಬೇರೆಯವರು ಹೊಡೆದದ್ದು ಚೆನ್ನಾಗಿ ಕೂಡಿಕೊಂಡಿದ್ದರೆ ಬಂದೂಕಿನದು ತಪ್ಪಲ್ಲ. ಊರಿ ಹೊಡೆದಾಗ ಕೂಡಿಕೊಂಡು, ನಿಂತು ಹೊಡೆದಾಗ ಚೆದುರಿದರೆ ನಿಲುವು ಮತ್ತು ಹಿಡಿತ ನೋಡಬೇಕು. ಊರಿದರೂ ಚೆದುರಿದರೆ ಕಣ್ಣು ಅಥವಾ ಬೆರಳು. ಮೂರೂ ಒಂದೇ ಕಡೆ ವಾಲಿದ್ದರೆ ಮಾತ್ರ ಸೈಟ್ ಮೇಲೆ, ಅಂದರೆ ಗುರಿ ಹಿಡಿಯಲು ಬಂದೂಕಿನ ಮೇಲಿರುವ ಗುರುತುಗಳ ಮೇಲೆ, ಅನುಮಾನ ಪಡಿ.

ಗುಂಡು ಎಡಕ್ಕೆ, ಕೆಳಕ್ಕೆ ಬೀಳುತ್ತಿದೆ

ಹತ್ತು ಮಂದಿ ಬಂದರೆ ಇದನ್ನೇ ಹೇಳುವವರು ಜಾಸ್ತಿ. ಗಡಿಯಾರದ ಏಳು ಗಂಟೆಯ ಕಡೆಗೆ ಗುಂಡು ಜಾರುತ್ತದೆ. ಕಾರಣ ಎರಡು, ಹೆಚ್ಚಾಗಿ ಎರಡೂ ಜೊತೆಗೇ ಇರುತ್ತವೆ. ಒಂದು, ಟ್ರಿಗರನ್ನು ಒತ್ತುವ ಬದಲು ಜಗ್ಗುವುದು. ಇನ್ನೊಂದು, ಸಪ್ಪಳ ಮತ್ತು ಒದೆತ ಬರುತ್ತದೆ ಅಂತ ದೇಹಕ್ಕೆ ಮೊದಲೇ ಗೊತ್ತಾಗಿ, ಗುಂಡು ಹಾರುವ ಮುಂಚೆಯೇ ಮುಂಗೈ ಕೆಳಗೆ ಒತ್ತುವುದು. ಪಟಾಕಿಗೆ ಬೆಂಕಿ ಹಚ್ಚುವಾಗ ಮುಖ ತಾನಾಗಿ ಹಿಂದೆ ಸರಿಯುತ್ತದಲ್ಲ, ಅದೇ ಇದು. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿದವರಲ್ಲೂ ನೋಡಿದ್ದೇನೆ.

ಮೊದಲು ಕಿವಿ ನೋಡಿ. ಬಂದೂಕಿನ ಸಪ್ಪಳ 140 ಡೆಸಿಬೆಲ್ ದಾಟುತ್ತದೆ. ಜನ ಒದೆತಕ್ಕೆ ಹೆದರುತ್ತೇವೆ ಅಂದುಕೊಳ್ಳುತ್ತಾರೆ, ನಿಜವಾಗಿ ಬೆಚ್ಚುವುದು ಸಪ್ಪಳಕ್ಕೆ. ಫೋಮ್ ಇಯರ್‌ಪ್ಲಗ್ ಒಳಗೆ, ಅದರ ಮೇಲೆ ಇಯರ್‌ಮಫ್. ಅರ್ಧದಷ್ಟು ಬೆಚ್ಚುವಿಕೆ ಇಲ್ಲೇ ಇಳಿದುಹೋಗುತ್ತದೆ ಅಂತ ನನ್ನ ಅನುಭವ. ಹತ್ತಿ ತುರುಕಿಕೊಂಡರೆ ಸಾಲದು.

ಆಮೇಲೆ ನಾಣ್ಯದ ಪರೀಕ್ಷೆ. ಇದಕ್ಕೆ ತೋಟಾ ಬೇಡ. ತೋಟಾ ಎಲ್ಲ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ತೋಟಾ ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ. ಗುಂಡು ತಡೆಯುವಂಥ ಗೋಡೆಯ ಕಡೆ ತಿರುಗಿ ನಿಲ್ಲಿ. ಆಚೆ ಬದಿಯಲ್ಲಿ ಮನೆಯವರು ಮಲಗುವ ಕೋಣೆ ಇರುವ ಗೋಡೆ ಬೇಡ. ಮನೆಯವರ ಸಹಾಯದಿಂದ ನಳಿಕೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಟ್ರಿಗರ್ ನಿಧಾನ ಒತ್ತಿ. ಅವರು ಪಕ್ಕದಿಂದ ಕೈ ಚಾಚಿ ಇಡಲಿ, ನಳಿಕೆಯ ಮುಂದೆ ಬರಬಾರದು. ಟಕ್ ಅಂದಾಗ ನಾಣ್ಯ ಬೀಳಬಾರದು. ರಿವಾಲ್ವರ್‌ನ ಡಬಲ್ ಆಕ್ಷನ್ ಟ್ರಿಗರ್‌ಗೆ, ಅಂದರೆ ಒಂದೇ ಒತ್ತಿಗೆ ಹ್ಯಾಮರನ್ನು ಹಿಂದಕ್ಕೆ ಎಳೆದು ಬಿಡುವ ಟ್ರಿಗರ್‌ಗೆ, ಸಾಮಾನ್ಯವಾಗಿ ನಾಲ್ಕೈದು ಕಿಲೋ ಬಲ ಬೇಕು. ಸ್ಪರ್ಧೆಯ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಸಾಕು. ಹೀಗಾಗಿ ರಿವಾಲ್ವರ್‌ನವರಿಗೆ ನಾಣ್ಯ ಮೊದಲ ವಾರ ಬಿದ್ದೇ ಬೀಳುತ್ತದೆ. ದಿನಕ್ಕೆ ಹತ್ತು ನಿಮಿಷ ಮಾಡಿ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಇರಲಿ, ಒತ್ತಡ ನೇರ ಹಿಂದಕ್ಕೆ ಹೋಗಲಿ.

ಎರಡು ಕಡೆ ಎಚ್ಚರ. ಹಳೆಯ .22ಗಳಲ್ಲಿ ಖಾಲಿ ಹೊಡೆದರೆ ತೋಟಾಗೆ ಬಡಿಯುವ ಮೊಳೆ, ಫೈರಿಂಗ್ ಪಿನ್, ಚೇಂಬರಿನ ಅಂಚಿಗೆ ಬಡಿದು ಕೆಡುತ್ತದೆ. ಸ್ಪ್ರಿಂಗ್ ಇರುವ ಏರ್‌ಗನ್ ಅನ್ನು ಛರ್ರೆ (ಏರ್‌ಗನ್‌ನ ಪುಟ್ಟ ಗುಂಡು) ಹಾಕದೆ ಹೊಡೆದರೆ ಒಳಗಿನ ಪಿಸ್ಟನ್ ಹೊಡೆತ ತಿನ್ನುತ್ತದೆ. ಇವಕ್ಕೆ ಡಮ್ಮಿ ತೋಟಾ ಬಳಸಿ, ಇಲ್ಲವೇ ಕೈಪಿಡಿ ನೋಡಿ.

ನಾಣ್ಯ ನಿಲ್ಲುತ್ತದೆ, ರೇಂಜ್‌ನಲ್ಲಿ ಮಾತ್ರ ಎಡಕ್ಕೇ ಬೀಳುತ್ತದೆ ಅಂದರೆ ಮುಂದಿನದು ಮಾಡಿ. ಮುಧೋಳದವರಿಗೆ ಮಾಡಿದ್ದು ಇದೇ. ರಿವಾಲ್ವರ್‌ನ ಸಿಲಿಂಡರಿಗೆ, ಅಂದರೆ ತೋಟಾ ಕೂರುವ ಮನೆಗಳಿರುವ ತಿರುಗುವ ಭಾಗಕ್ಕೆ, ನಾನೇ ತುಂಬಿದೆ. ಕೆಲವು ಮನೆಯಲ್ಲಿ ತೋಟಾ, ಕೆಲವು ಮನೆಯಲ್ಲಿ ಹಾರಿಸಿ ಉಳಿದ ಖಾಲಿ ಕೋಶ. ಯಾವುದು ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ. ಮೊದಲನೆಯದು ಹಾರಿತು. ಎರಡನೆಯದು ಖಾಲಿ. ಟಕ್ ಅಂದಿತು, ಸಪ್ಪಳ ಇಲ್ಲ, ಆದರೆ ನಳಿಕೆಯ ಮೂತಿ ನಾಲ್ಕು ಬೆರಳು ಕೆಳಗೆ ಕುಕ್ಕಿತು. ಗುದ್ದಲಿಯಿಂದ ನೆಲ ಅಗೆದ ಹಾಗೆ. ಸುಮ್ನೆ ನಿಂತುಬಿಟ್ಟರು. "ಇದನ್ನ ನಾನ ಮಾಡಿದ್ನೇನ್ರಿ?" ಅಂದರು. "ಹೌದ್ರಿ, ಪ್ರತಿ ಸಲ ಮಾಡ್ತೀರಿ. ಸಪ್ಪಳದಾಗ ಕಾಣಂಗಿಲ್ಲ ಅಷ್ಟ" ಅಂದೆ.

ಇದರ ಚೆಂದ ಏನೆಂದರೆ ಬೇರೆ ಯಾರೂ ವಾದ ಮಾಡಬೇಕಾಗಿಲ್ಲ, ಅವರ ಕಣ್ಣಿಗೇ ಕಾಣುತ್ತದೆ. ಹದಿನೈದು ನಿಮಿಷ ಇದೇ ಆಟ ಆಡಿದರೆ ಖಾಲಿ ಕೋಶ ಬಂದಾಗಲೂ ಮೂತಿ ಅಲುಗದ ಹಂತಕ್ಕೆ ಬರುತ್ತೀರಿ. ಮುಂದಿನ ವಾರ ಮತ್ತೆ ಹಳೆಯ ಚಾಳಿ ಬರುತ್ತದೆ. ಮತ್ತೆ ಮಾಡಿ. ತೋಟಾ ದುಬಾರಿ, ವರ್ಷಕ್ಕೆ ಇಷ್ಟೇ ಅಂತ ಲೈಸೆನ್ಸ್‌ನಲ್ಲಿ ಬರೆದಿರುತ್ತದೆ. ಐವತ್ತು ಗುಂಡು ಸುಟ್ಟು ಕಲಿಯದ್ದನ್ನು ಈ ಆಟ ಹತ್ತರಲ್ಲಿ ಕಲಿಸುತ್ತದೆ.

ಗುಂಡು ಎಲ್ಲ ಕಡೆ ಚೆದುರುತ್ತಿದೆ, ಒಂದು ದಿಕ್ಕೇ ಇಲ್ಲ

ಕಣ್ಣು ಎಲ್ಲಿ ನೋಡುತ್ತಿದೆ ಅಂತ ಕೇಳಿಕೊಳ್ಳಿ. ಮನುಷ್ಯನ ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಚೊಕ್ಕವಾಗಿ ನೋಡಬಲ್ಲದು. ಗುರಿ, ನಳಿಕೆಯ ತುದಿಯ ಫೋರ್‌ಸೈಟ್, ಕಣ್ಣಿನ ಕಡೆಯ ಬ್ಯಾಕ್‌ಸೈಟ್ ಮೂರೂ ಒಟ್ಟಿಗೆ ಸ್ಪಷ್ಟ ಕಾಣುವುದಿಲ್ಲ. ಹೊಸಬರು ಗುರಿಯನ್ನೇ ದಿಟ್ಟಿಸುತ್ತಾರೆ. ಸಹಜ ಅಲ್ವಾ, ಹೊಡೆಯಬೇಕಾದ್ದು ಅದನ್ನೇ. ಆದರೆ ಚೊಕ್ಕವಾಗಿ ಕಾಣಬೇಕಾದ್ದು ಫೋರ್‌ಸೈಟ್. ಗುರಿ ಮಸುಕಾದರೂ ನಡೆಯುತ್ತದೆ.

ಲೆಕ್ಕ ಹಾಕಿದರೆ ಯಾಕೆ ಅಂತ ತಿಳಿಯುತ್ತದೆ. ಪಿಸ್ತೂಲಿನ ಎರಡು ಸೈಟ್ ನಡುವಿನ ಅಂತರ 15 ಸೆಂ.ಮೀ. ಅಂದುಕೊಳ್ಳಿ. ಫೋರ್‌ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಆರೂವರೆ ಸೆಂ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಗಿಡ್ಡ ನಳಿಕೆಯ ರಿವಾಲ್ವರ್‌ಗೆ ಇನ್ನೂ ಜಾಸ್ತಿ. ಅದೇ, ಎರಡೂ ಸೈಟ್ ಸರಿಯಾಗಿ ಕೂಡಿಸಿಕೊಂಡು ಇಡೀ ಕೈ ಒಂದು ಮಿಲಿಮೀಟರ್ ಅಲುಗಿದರೆ ಗುಂಡು ಒಂದೇ ಮಿಲಿಮೀಟರ್ ಸರಿಯುತ್ತದೆ. ಹೀಗಾಗಿ "ಕೈ ನಡುಗ್ತದ್ರಿ" ಅನ್ನುವವರಿಗೆ ನಾನು ಹೇಳುವುದು, ನಡುಗಲಿ ಬಿಡಿ. ನಡುಗದ ಕೈ ಯಾರಿಗೂ ಇಲ್ಲ. ಸೈಟ್ ಕೂಡಿಸಿ ಹಿಡಿಯಿರಿ, ನಡುಕ ನಿಲ್ಲಲಿ ಅಂತ ಕಾಯಬೇಡಿ. ಕಾದು ಕಾದು, ನಡುವೆ ಬಂತು ಅಂತ ಗಬಕ್ಕನೆ ಜಗ್ಗಿದರೆ ಹಿಂದಿನ ದೋಷಕ್ಕೇ ಹೋಗಿ ಬೀಳುತ್ತೀರಿ.

ನಲವತ್ತು ದಾಟಿದವರಲ್ಲಿ ಇನ್ನೊಂದು ಸಮಸ್ಯೆ ಇದೆ. ಓದುವ ಕನ್ನಡಕ ಹಾಕಿದರೆ ಸೈಟ್ ಮಸುಕು, ದೂರದ್ದು ಹಾಕಿದರೂ ಮಸುಕು. ಬೈಫೋಕಲ್ ಹಾಕಿದವರು ಫೋರ್‌ಸೈಟ್ ಕಾಣಲಿ ಅಂತ ಗದ್ದ ಎತ್ತುತ್ತಾರೆ, ಕತ್ತು ಸೆಟೆಯುತ್ತದೆ, ಗುಂಡು ಎಲ್ಲೆಲ್ಲೋ. ಕಣ್ಣಿನ ಡಾಕ್ಟರ್ ಹತ್ತಿರ ಹೋಗುವಾಗ ಕಣ್ಣಿನಿಂದ ಫೋರ್‌ಸೈಟ್‌ವರೆಗಿನ ದೂರವನ್ನು ಟೇಪ್ ಹಿಡಿದು ಅಳೆದುಕೊಂಡು ಹೋಗಿ. "ಈ ದೂರಕ್ಕೆ ಚೊಕ್ಕ ಕಾಣಬೇಕು" ಅಂದರೆ ಅವರು ಲೆನ್ಸ್ ಕೊಡುತ್ತಾರೆ. ಇದಕ್ಕೆ ಬಂದೂಕು ತೆಗೆದುಕೊಂಡು ದವಾಖಾನೆಗೆ ಹೋಗಬೇಡಿ. ಒಬ್ಬರು ಹೋಗಿದ್ದರು!

ಇನ್ನೊಂದು ಪುಕ್ಕಟೆ ಪರೀಕ್ಷೆ, ಯಾವ ಕಣ್ಣು ಯಜಮಾನ ಅಂತ. ಎರಡೂ ಕೈ ಚಾಚಿ, ಹಸ್ತ ಕೂಡಿಸಿ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ದೂರದ ದೀಪದ ಕಂಬ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಕಂಬ ಮಾಯವಾಗುತ್ತದೋ ಅದು ಯಜಮಾನ ಕಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನ ಆಗಿರುವುದು ಅಪರೂಪವೇನಲ್ಲ. ಪಿಸ್ತೂಲಿನಲ್ಲಿ ದೊಡ್ಡ ತೊಂದರೆ ಇಲ್ಲ, ಮುಖ ಸ್ವಲ್ಪ ತಿರುಗಿಸಿದರೆ ಆಯಿತು. ಉದ್ದ ಬಂದೂಕಿನಲ್ಲಿ ಒಂದೋ ಆ ಕಣ್ಣು ಮುಚ್ಚಬೇಕು, ಇಲ್ಲವೇ ಎಡ ಭುಜಕ್ಕೆ ಕಲಿಯಬೇಕು. ಚಿಕ್ಕ ವಯಸ್ಸಿನವರಿಗೆ ಭುಜ ಬದಲಿಸಿ ಅಂತಲೇ ಹೇಳುತ್ತೇನೆ.

ಐದೂ ಕೂಡಿಕೊಂಡಿವೆ, ಆದರೆ ಪಕ್ಕದಲ್ಲಿ

ಖುಷಿಪಡಿ. ಕೂಡಿಸುವುದೇ ಕಷ್ಟ, ಸರಿಸುವುದು ಸುಲಭ.

ಮೊದಲು ಕಾಲು. ಗುರಿ ಹಿಡಿದು ನಿಲ್ಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಕಣ್ಣು ಮುಚ್ಚಿ ಎರಡು ಉಸಿರು ತೆಗೆದುಕೊಂಡು ಕಣ್ಣು ಬಿಡಿ. ನಳಿಕೆ ಗುರಿಯಿಂದ ಪಕ್ಕಕ್ಕೆ ಹೋಗಿದ್ದರೆ ನಿಮ್ಮ ದೇಹ ಅತ್ತ ಹೋಗಲು ಬಯಸುತ್ತಿದೆ ಅಂತ ಅರ್ಥ. ಕೈಯಿಂದ ಎಳೆದು ತರಬೇಡಿ, ಹಿಂದಿನ ಕಾಲು ಸರಿಸಿ.

ಆಮೇಲೆ ಬೆಳಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಒಂದು ಬದಿಯಿಂದ ಬಿಸಿಲು ಬಿದ್ದರೆ ಫೋರ್‌ಸೈಟ್‌ನ ಆ ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಕತ್ತಲಲ್ಲಿ ಅಡಗುತ್ತದೆ. ಕಣ್ಣು ಹೊಳೆಯುವ ಅಂಚನ್ನೇ ನಡುವೆ ಅಂತ ತಿಳಿಯುತ್ತದೆ. ಬೆಳಿಗ್ಗೆ ಒಂದು ಕಾಗದ, ಸಂಜೆ ಒಂದು ಕಾಗದ ಹೊಡೆದು ನೋಡಿ. ಗುಂಪು ಜಾಗ ಬದಲಿಸಿದರೆ ಸೈಟ್ ಮುಟ್ಟಬೇಡಿ. ಅದೇ ಬಿಸಿಲಿನಲ್ಲಿ ಅಂಗೈ ಬೆವರಿ ಹಿಡಿಕೆ ಗುಂಡಿಗೆ ಗುಂಡಿಗೆ ಜಾರುವುದೂ ಉಂಟು. ಒಣ ಬಟ್ಟೆ ಜೇಬಲ್ಲಿರಲಿ.

ಕಾಲು, ಬೆಳಕು, ಹಿಡಿತ ಎಲ್ಲ ಸರಿ, ಬೇರೆಯವರು ಹೊಡೆದರೂ ಅಲ್ಲೇ ಬೀಳುತ್ತದೆ ಅಂದರೆ ಈಗ ಸೈಟ್. ತಿರುಪು ಇರುವ ಸೈಟಾದರೆ ಬ್ಯಾಕ್‌ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಿ. ತಿರುಪು ಇಲ್ಲದ ಸೈಟನ್ನು ಮನೆಯಲ್ಲಿ ಸುತ್ತಿಗೆ ಹಿಡಿದು ಸರಿಸಲು ಹೋಗಬೇಡಿ. ಲೈಸೆನ್ಸ್ ಇರುವ ಗನ್‌ಸ್ಮಿತ್ ಕೆಲಸ ಅದು.

ಮೊದಲ ಗುಂಡು ಸರಿ, ಎರಡನೆಯದು ಆಕಾಶಕ್ಕೆ

ಒದೆತಕ್ಕೆ ಮೂತಿ ಎದ್ದು, ಕೆಳಗೆ ಬರುವಷ್ಟರಲ್ಲಿ ಎರಡನೆಯದು ಹೊರಟಿರುತ್ತದೆ. ನಿಲುವಿನ ಜಗಳ ಶುರುವಾಗುವುದು ಇಲ್ಲೇ. ವೀಡಿಯೊ ನೋಡಿಕೊಂಡು ಬಂದ ಹುಡುಗರು ಒಬ್ಬರು ವೀವರ್ ನಿಲುವು ಅಂತಾರೆ, ಇನ್ನೊಬ್ಬರು ಐಸೋಸಿಲಿಸ್ ನಿಲುವು ಅಂತಾರೆ, ಚಹಾ ಆರಿಹೋಗುವವರೆಗೆ ವಾದ.

ವೀವರ್ ನಿಲುವಿಗೆ ಹೆಸರು ಕೊಟ್ಟವರು ಜಾಕ್ ವೀವರ್. ಲಾಸ್ ಏಂಜಲೀಸ್ ಕೌಂಟಿಯ ಪೊಲೀಸ್ ಡೆಪ್ಯುಟಿ. 1950ರ ದಶಕದ ಕೊನೆಯಲ್ಲಿ ಎಲ್ಲರೂ ಸೊಂಟದ ಹತ್ತಿರದಿಂದ, ಒಂದೇ ಕೈಯಲ್ಲಿ ಗಡಿಬಿಡಿಯಿಂದ ಹೊಡೆಯುತ್ತಿದ್ದಾಗ ಅವರು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಸೈಟ್ ನೋಡಿ ಹೊಡೆದು ಸ್ಪರ್ಧೆ ಗೆಲ್ಲತೊಡಗಿದರು. ಜೆಫ್ ಕೂಪರ್ ಅದನ್ನು ನೋಡಿ ಎಲ್ಲರಿಗೂ ಕಲಿಸಿದರು. ದೇಹ ಓರೆಯಾಗಿ, ಎಡಗಾಲು ಮುಂದೆ, ಮೊಣಕೈ ಎರಡೂ ಮಡಚಿ, ಬಲಗೈ ಮುಂದಕ್ಕೆ ತಳ್ಳಿ ಎಡಗೈ ಹಿಂದಕ್ಕೆ ಎಳೆಯುವುದು. ಆ ಎಳೆದಾಟದಲ್ಲಿ ಒದೆತ ಸಾಯುತ್ತದೆ. ಸ್ಪರ್ಧೆಯ ಶೂಟರ್ ರೇ ಚಾಪ್‌ಮನ್ ಇದನ್ನೇ ಸ್ವಲ್ಪ ತಿದ್ದಿ ಬಲಗೈಯನ್ನು ಪೂರ್ತಿ ನೇರ ಮಾಡಿದರು, ರೈಫಲ್‌ನ ಭುಜಕ್ಕೆ ಒತ್ತುವ ಕುಂದದ ಹಾಗೆ.

ಐಸೋಸಿಲಿಸ್‌ನಲ್ಲಿ ಎದೆ ನೇರ ಗುರಿಯ ಕಡೆಗೆ. ಎರಡೂ ಕೈ ಸಮ ಚಾಚಿದಾಗ ಮೇಲಿನಿಂದ ನೋಡಿದರೆ ತ್ರಿಕೋನ ಕಾಣುತ್ತದೆ. ಈಗಿನ ರೂಪದಲ್ಲಿ ಮೊಣಕಾಲು ಸ್ವಲ್ಪ ಮಡಚಿ ಮುಂದಕ್ಕೆ ಬಾಗುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಶೂಟರ್‌ಗಳಾದ ಬ್ರಯಾನ್ ಈನೋಸ್, ರಾಬ್ ಲೇಥಮ್ ಇದರಲ್ಲೇ ಸ್ಪರ್ಧೆ ಗೆದ್ದ ಮೇಲೆ ಜನ ಇತ್ತ ವಾಲಿದರು.

ನನ್ನ ಅಭಿಪ್ರಾಯ ಕೇಳಿದರೆ, ಹೊಸಬರಿಗೆ ಐಸೋಸಿಲಿಸ್. ನೆನಪಿಡಬೇಕಾದ್ದು ಕಡಿಮೆ, ಬೆಚ್ಚಿದಾಗ ಮನುಷ್ಯ ತಾನಾಗಿಯೇ ಅಪಾಯದ ಕಡೆ ಎದುರಾಗಿ ನಿಂತು ಎರಡೂ ಕೈ ಚಾಚುತ್ತಾನೆ. ವೀವರ್‌ನ ತಳ್ಳು ಎಳೆ ಸಮ ಇಲ್ಲದಿದ್ದರೆ ಗುಂಡು ಪಕ್ಕಕ್ಕೆ ವಾಲುತ್ತದೆ, ಅದನ್ನು ಹುಡುಕುವುದೇ ಒಂದು ಕೆಲಸ. ಆದರೆ ಭುಜ ನೋವಿರುವವರು, ಮೊಣಕೈ ಪೂರ್ತಿ ಚಾಚಲಾಗದವರು ವೀವರ್‌ನಲ್ಲೇ ಆರಾಮ ಇರುತ್ತಾರೆ. ಸೇನೆಯಲ್ಲಿ ರೈಫಲ್ ಹಿಡಿದು ಬಂದವರಿಗೆ ಚಾಪ್‌ಮನ್ ಬೇಗ ಕೂಡುತ್ತದೆ. ಒಲಿಂಪಿಕ್ ಪಿಸ್ತೂಲಿನ ಮಕ್ಕಳಿಗೆ ಈ ವಾದವೇ ಇಲ್ಲ, ನಿಯಮದ ಪ್ರಕಾರ ಒಂದೇ ಕೈ.

ನಿಲುವು ಬದಲಿಸುವ ಮುಂಚೆ ಹಿಡಿತ ಮಾತ್ರ ನೋಡಿಬಿಡಿ. ಎರಡನೇ ಗುಂಡು ಮೇಲೆ ಹೋಗುವವರಲ್ಲಿ ಹೆಚ್ಚಿನವರ ಎಡಗೈ ಸುಮ್ನೆ ಅತಿಥಿಯ ಹಾಗೆ ಇರುತ್ತದೆ, ಕಪ್ಪಿನ ಕೆಳಗಿನ ಬಸಿಯಂತೆ. ಬಲಗೈ ಹಿಡಿಕೆಯಲ್ಲಿ ಎಷ್ಟು ಮೇಲೆ ಆಗುತ್ತದೋ ಅಷ್ಟು ಮೇಲೆ ಹೋಗಲಿ, ಎಡಗೈ ಬದಿಯಿಂದ ಗಟ್ಟಿಯಾಗಿ ಅಪ್ಪಲಿ. ಪಿಸ್ತೂಲಿನಲ್ಲಿ ಹೆಬ್ಬೆರಳು ಹೊಡೆದಾಗ ಹಿಂದಕ್ಕೆ ಸರಿಯುವ ಮೇಲ್ಭಾಗದ, ಅಂದರೆ ಸ್ಲೈಡಿನ, ಹಿಂದೆ ಅಡ್ಡ ಬಂದರೆ ಚರ್ಮ ಕಿತ್ತುಹೋಗುತ್ತದೆ. ರಿವಾಲ್ವರ್‌ನಲ್ಲಿ ಸಿಲಿಂಡರಿನ ಮುಂದಿನ ಸಂದಿಯಿಂದ ಬಿಸಿ ಗಾಳಿ ಚಿಮ್ಮುತ್ತದೆ, ಅಲ್ಲಿ ಬೆರಳು ಹೋಗಲೇಬಾರದು.

ರೇಂಜ್‌ನಲ್ಲಿ ಚೆನ್ನಾಗಿದೆ, ಗಡಿಬಿಡಿಯಾದರೆ ಕೆಡುತ್ತದೆ

ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ತೆಗೆದುಕೊಂಡವರ ನಿಜವಾದ ಸಮಸ್ಯೆ ಇದು. ಆದರೆ ಇದನ್ನು ಕಡೆಗೆ ಕೇಳುತ್ತಾರೆ.

ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ರೇಂಜ್‌ಗೆ ಹೋದಾಗ ಮೊದಲ ಗುಂಡು ಎಲ್ಲಿ ಬಿತ್ತು ಅನ್ನುವುದನ್ನು ಮಾತ್ರ ಬರೆಯಿರಿ. ಕೈ ಬೆಚ್ಚಗಾಗುವ ಮೊದಲಿನ ಗುಂಡು. ಮೂವತ್ತು ಹೊಡೆದ ಮೇಲಿನ ಸುಂದರ ಕಾಗದ ಮನೆಗೆ ಒಯ್ಯಬೇಡಿ. ತೊಂದರೆ ಬಂದಾಗ ಮೂವತ್ತು ಹೊಡೆದು ತಯಾರಾಗಲು ಯಾರೂ ಬಿಡುವುದಿಲ್ಲ.

ಸೈಟ್ ನೋಡದೆ ಬರೀ ಕೈ ತೋರಿಸಿ ಹೊಡೆಯುವ ಪದ್ಧತಿಯೂ ಇದೆ. ಶಾಂಘೈ ಮುನ್ಸಿಪಲ್ ಪೊಲೀಸ್‌ನಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ಎರಡನೇ ಮಹಾಯುದ್ಧದ ಹೊತ್ತಿಗೆ ಇದನ್ನು ಸೈನಿಕರಿಗೂ ಕಲಿಸಿದರು. ಅವರು ಹೇಳಿದ್ದು ಇಕ್ಕಟ್ಟಾದ ಗಲ್ಲಿ, ಕತ್ತಲು, ಎರಡು ಮೂರು ಹೆಜ್ಜೆಯ ದೂರದ ಮಾತು. ಕೂಪರ್ ಕಡೆಯವರು ಸೈಟ್ ನೋಡಲೇಬೇಕು ಅಂದರು. ಎರಡೂ ಬಣ ಇವತ್ತಿಗೂ ಇದೆ. ನಾನು ಕಲಿಸುವುದು ಸೈಟ್ ಹಿಡಿದೇ. ಸೈಟ್‌ನಲ್ಲಿ ಸಾವಿರ ಸಲ ಎತ್ತಿದವನ ಕೈ ಕತ್ತಲಲ್ಲೂ ಹೆಚ್ಚುಕಡಿಮೆ ಸರಿಯಾದ ಜಾಗಕ್ಕೆ ಹೋಗುತ್ತದೆ. ಬರೀ ತೋರಿಸಿ ಕಲಿತವನಿಗೆ ತಪ್ಪಿದ್ದು ಯಾಕೆ ಅಂತಲೇ ತಿಳಿಯುವುದಿಲ್ಲ. ತಪ್ಪಿದ ಗುಂಡು ಪಕ್ಕದ ಮನೆಯ ಕಿಟಕಿಗೂ ಹೋಗಬಹುದು, ಆ ಹೊಣೆ ನಿಮ್ಮದೇ.

ಅಭ್ಯಾಸದ ಪದ್ಧತಿಗಳಲ್ಲಿ ಯಾವುದು ಮೇಲು ಅಂತ ಕೇಳುತ್ತಾರೆ. ಖಾಲಿ ಅಭ್ಯಾಸ ಬೆರಳಿಗೆ. ಏರ್ ಪಿಸ್ತೂಲು ಸೈಟ್‌ಗೆ ಮತ್ತು ತಾಳ್ಮೆಗೆ. .177 ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯದಕ್ಕೆ 2016ರ ಆಯುಧ ನಿಯಮದಂತೆ ಲೈಸೆನ್ಸ್ ಬೇಡ, ಛರ್ರೆಯೂ ಅಗ್ಗ. ನಿಜವಾದ ಗುಂಡು ಒದೆತಕ್ಕೆ, ಸಪ್ಪಳಕ್ಕೆ. ಒಂದರ ದೋಷ ಇನ್ನೊಂದರಲ್ಲಿ ಹೋಗುವುದಿಲ್ಲ. ಬೆಚ್ಚುವ ಚಾಳಿಯನ್ನು ಏರ್ ಪಿಸ್ತೂಲಿನಲ್ಲಿ ತಿದ್ದಲಾಗದು, ಅಲ್ಲಿ ಬೆಚ್ಚಲು ಏನೂ ಇಲ್ಲ. ಟೈಮರ್ ಹಚ್ಚಿ ಹೊಡೆಯುವುದು ಕೊನೆಯ ಹಂತ, ಕಾಗದ ಚೆನ್ನಾಗಿ ಕೂಡಿದ ಮೇಲೆ. ಸಮಯ ಕಡಿಮೆ ಮಾಡುತ್ತ ಹೋಗಿ, ಗುಂಪು ಒಡೆದ ಕಡೆ ನಿಲ್ಲಿ. ಸೊಂಟದ ಹೋಲ್‌ಸ್ಟರ್‌ನಿಂದ ಎಳೆದು ಹೊಡೆಯುವುದನ್ನು ಒಬ್ಬರೇ ಅಭ್ಯಾಸ ಮಾಡಬೇಡಿ. ಸ್ವಂತ ತೊಡೆಗೆ ಗುಂಡು ಹೊಡೆದುಕೊಳ್ಳುವುದು ಹೀಗೇ.

ತರಬೇತಿ ಎಲ್ಲಿ ಅಂದರೆ, ನಮ್ಮ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡಿದಾಗ ಹೆಸರು ಕೊಡಿ. ಮತ್ತು ಕಾನೂನು ಓದಿಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಬಾಗಿಲು ಹಾಕಿಕೊಂಡು 112ಕ್ಕೆ ಫೋನ್ ಮಾಡುವುದನ್ನೂ ಅಭ್ಯಾಸದಲ್ಲಿ ಸೇರಿಸಿ ಅಂತ ನಾನು ಹೇಳಿದಾಗ ಕೆಲವರು ನಗುತ್ತಾರೆ. ನಗಲಿ.

ಡಬಲ್ ಬ್ಯಾರಲ್: ಭುಜ ಕಪ್ಪಾಗುತ್ತದೆ, ಕೆನ್ನೆಗೆ ಬಡಿಯುತ್ತದೆ

ಬೈಲಹೊಂಗಲದ ಒಬ್ಬ ಬ್ಯಾಂಕ್ ಗಾರ್ಡ್ ಕಾಕಾ ಭುಜಕ್ಕೆ ಟವೆಲ್ ಮಡಚಿ ಇಟ್ಟುಕೊಂಡು ಬರುತ್ತಿದ್ದರು. ಟವೆಲ್ ತೆಗೆಸಿದೆ. ಬಂದೂಕಿನ ಕುಂದ ಭುಜದ ಮೂಳೆಯ ಮೇಲೆ ಕೂತಿತ್ತು, ಒಳಗಿನ ಗುಳಿಯಲ್ಲಿ ಅಲ್ಲ. ಒದೆತ ಬರುತ್ತದೆ ಅಂತ ಬಂದೂಕನ್ನು ಭುಜದಿಂದ ಒಂದು ಬೆರಳು ದೂರ ಹಿಡಿಯುತ್ತಿದ್ದರು, ಆ ಬೆರಳಷ್ಟು ಸಂದಿಯೇ ಗುದ್ದಾಗಿ ಬರುತ್ತಿತ್ತು. ಗುಳಿಗೆ ಒತ್ತಿ ಹಿಡಿಯಿರಿ, ಕೆನ್ನೆ ಕುಂದಕ್ಕೆ ಅಂಟಲಿ, ಮುಂದಿನ ಕಾಲ ಮೇಲೆ ಭಾರ ಹಾಕಿ. ಹಾಗೂ ಬಡಿದರೆ ಕುಂದದ ಉದ್ದ ನಿಮ್ಮ ಕೈಗೆ ಹೊಂದಿಲ್ಲ, ಗನ್‌ಸ್ಮಿತ್‌ಗೆ ತೋರಿಸಿ. ಎರಡು ಟ್ರಿಗರ್ ಇರುವ ಅಕ್ಕಪಕ್ಕದ ನಳಿಕೆಯಲ್ಲಿ ಮುಂದಿನ ಟ್ರಿಗರ್ ಸಾಮಾನ್ಯವಾಗಿ ಬಲ ನಳಿಕೆಯದು. ಎರಡು ಬೆರಳು ಎರಡೂ ಟ್ರಿಗರ್ ಮೇಲೆ ಇಟ್ಟು ಒಟ್ಟಿಗೆ ಹಾರಿಸಿದವರೂ ಇದ್ದಾರೆ.

ಟಕ್ ಅಂದಿತು ಹಾರಲಿಲ್ಲ, ಅಥವಾ ಪುಸ್ ಅಂದಿತು

ಇಲ್ಲಿ ಪರೀಕ್ಷೆ ಇಲ್ಲ, ನಿಲ್ಲಿಸುವುದು ಮಾತ್ರ.

ಹಾರದಿದ್ದರೆ ನಳಿಕೆ ಗುರಿಯ ಕಡೆಗೇ ಇಟ್ಟು ಮೂವತ್ತು ಎಣಿಸಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ತಿರುಗಿಸಿ ಒಳಗೆ ಇಣುಕುವುದು ಎಲ್ಲರಿಗೂ ಬರುವ ಮೊದಲ ಬುದ್ಧಿ, ಅದನ್ನು ಮಾಡಬೇಡಿ. ಆಮೇಲೆ ತೋಟಾ ಹೊರಗೆ ತೆಗೆದು ಬೇರೆ ಇಡಿ. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ತೇವ ಹಿಡಿದ ತೋಟಾಗಳಲ್ಲಿ ಇದು ಜಾಸ್ತಿ. ಕಪಾಟಿನಲ್ಲಿ ಚರ್ಮದ ಪಟ್ಟಿಯಲ್ಲೇ ವರ್ಷಗಟ್ಟಲೆ ಬಿಟ್ಟ ತೋಟಾ ಹಸಿರು ಹಿಡಿದಿರುತ್ತದೆ, ಅದನ್ನು ಹಾಕಲೇಬೇಡಿ.

ಸಪ್ಪಳ ಎಂದಿಗಿಂತ ಮೆತ್ತಗೆ ಬಂದರೆ, ಒದೆತ ಕಡಿಮೆ ಅನ್ನಿಸಿದರೆ, ಕಾಗದದಲ್ಲಿ ತೂತು ಇಲ್ಲದಿದ್ದರೆ, ಬೆರಳು ತೆಗೆಯಿರಿ. ಗುಂಡು ನಳಿಕೆಯೊಳಗೇ ಸಿಕ್ಕಿರಬಹುದು. ಇನ್ನೊಂದು ಹೊಡೆದರೆ ನಳಿಕೆ ಸೀಳುತ್ತದೆ, ಕೈ ಹೋಗುತ್ತದೆ. ರೇಂಜ್ ಅಧಿಕಾರಿಯನ್ನು ಕರೆಯಿರಿ. ಖಾಲಿ ಮಾಡಿದ ಮೇಲೆ ನಳಿಕೆಯಲ್ಲಿ ಸಲಾಕೆ ಹೋಗುತ್ತದೆಯೇ ಅಂತ ಅವರು ನೋಡುತ್ತಾರೆ. ಸಿಕ್ಕ ಗುಂಡನ್ನು ಕಬ್ಬಿಣದ ಸರಳಿನಿಂದ ಬಡಿದು ತೆಗೆಯುವ ಗ್ಯಾರೇಜ್ ಕೆಲಸ ಮಾಡಬೇಡಿ, ಗನ್‌ಸ್ಮಿತ್‌ಗೆ ಕೊಡಿ. ಸಿಲಿಂಡರ್ ಗಿರಕಿ ಹೊಡೆಯದಿದ್ದರೆ, ಹ್ಯಾಮರ್ ಎಳೆದಿಟ್ಟಾಗ ತಾನಾಗಿ ಬಿದ್ದರೆ, ಸೇಫ್ಟಿ ಹಾಕಿದರೂ ಟ್ರಿಗರ್ ಕೆಲಸ ಮಾಡಿದರೆ ಕೂಡ ಹೀಗೇ.

ಡಾಕ್ಟರ್ ಹತ್ತಿರ ಹೋಗಬೇಕಾದ್ದು ಯಾವಾಗ ಅಂದರೆ, ಹೊಡೆದ ಮಾರನೇ ದಿನವೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಬಂದೂಕು ಹಿಡಿಯದಾಗಲೂ ಕೈ ನಡುಗುತ್ತಿದ್ದರೆ, ಟ್ರಿಗರ್ ಬೆರಳು ಬೆಳಿಗ್ಗೆ ಮಡಚಿಕೊಂಡು ಬಿಡಿಸಲು ಬರದಿದ್ದರೆ. ರೇಂಜ್‌ನಿಂದ ಬಂದು ಬುತ್ತಿ ಬಿಚ್ಚುವ ಮೊದಲು ತಣ್ಣೀರು, ಸೋಪಿನಿಂದ ಕೈ ತೊಳೆಯಿರಿ, ಬೆರಳಿಗೆ ಸೀಸ ಹತ್ತಿರುತ್ತದೆ.

ಮುಧೋಳದವರು ರಿವಾಲ್ವರ್ ಮಾರಲಿಲ್ಲ. ಚುನಾವಣೆ ಬಂದು ಎಲ್ಲರ ಹಾಗೆ ಅವರೂ ಅದನ್ನು ಠಾಣೆಗೆ ಜಮಾ ಮಾಡಬೇಕಾಯಿತು, ಎರಡು ತಿಂಗಳು ಅಭ್ಯಾಸ ಇಲ್ಲ. ವಾಪಸ್ ಸಿಕ್ಕ ವಾರವೇ ಬಂದರು. ಮೊದಲ ಗುಂಡು ಮತ್ತೆ ಎಡಕ್ಕೆ, ಕೆಳಕ್ಕೆ. ನಾನು ಮಾತಾಡುವ ಮೊದಲೇ ಅವರು ಜೇಬಿನಿಂದ ಎರಡು ಖಾಲಿ ಕೋಶ ತೆಗೆದು ನನ್ನ ಕೈಗಿಟ್ಟರು. "ತುಂಬ್ರಿ" ಅಂದರು.